ಉಪ್ಪುನೀರಿನಲ್ಲಿ ಅಲೆಮೋಡ

ಮಳೆ ಬಿಟ್ಟ ಮರುದಿನ ಬೆಳಗ್ಗೆ ತಲೆಯ ಮೇಲೆ ಮೋಡ ಉಳುಮೆಯ ಸಾಲಿನಂತೆ ಹರಡಿತ್ತು. ಬಿಳಿ ಪಟ್ಟಿ, ನೀಲಿ ಪಟ್ಟಿ, ಮತ್ತೆ ಬಿಳಿ. ಎಣಿಸಿದರೆ ಹದಿನಾಲ್ಕು ಸಾಲು. ಎಲ್ಲವೂ ಒಟ್ಟಾಗಿ, ಒಂದಕ್ಕೊಂದು ತಾಗದೆ, ಪೂರ್ವಕ್ಕೆ ಸರಿಯುತ್ತಿದ್ದವು. "ಅಪ್ಪಾ, ಗಾಳಿ ಒಂದೇ ಸಮನೆ ಬೀಸುತ್ತಿದ್ದರೆ ಮೋಡ ಮಾತ್ರ ಯಾಕೆ ಪಟ್ಟಿ ಪಟ್ಟಿ?" ಎಂದು ಮಗಳು ಕೇಳಿದಳು. ಬಾಯಲ್ಲಿ ವಿವರಿಸಲು ಹೋಗಿ ಮೂರನೆಯ ವಾಕ್ಯಕ್ಕೆ ತೊಡರಿದೆ. ಕೈಯಲ್ಲಿ ತೋರಿಸಲು ಹೋದೆ, ಅದು ಮೀನು ಈಜಿದಂತೆ ಕಾಣಿಸಿತು. ನೀರಿನಲ್ಲಿ ತೋರಿಸುತ್ತೇನೆ, ಒಂದು ಭಾನುವಾರ ಸಾಕು ಎಂದೆ. ಐದು ಭಾನುವಾರ ಹಿಡಿಯಿತು. ಏನೇನು ಕೆಟ್ಟಿತು, ಏನು ನಿಂತಿತು ಎಂಬುದನ್ನು ಬರೆದಿಟ್ಟರೆ ಇದನ್ನೇ ಕಟ್ಟಲು ಹೊರಟವರಿಗೆ ಮೂರು ಭಾನುವಾರವಾದರೂ ಉಳಿದೀತು.

ಮೊದಲು, ಗಾಳಿಯ ಆಟವನ್ನು ನೀರಿನಲ್ಲಿ ತೋರಿಸಬಹುದು ಎಂಬ ಧೈರ್ಯ ಎಲ್ಲಿಂದ ಬಂತು ಎಂಬುದನ್ನು ಹೇಳಬೇಕು. ಗಾಳಿ ಮೇಲೇರಿದರೆ ಹಿಗ್ಗುತ್ತದೆ, ಹಿಗ್ಗಿದರೆ ತಣ್ಣಗಾಗುತ್ತದೆ. ತೇವ ಮೋಡವಾಗಿ ಹನಿಗಟ್ಟದಿರುವವರೆಗೆ ಪ್ರತಿ ಕಿಲೋಮೀಟರಿಗೆ ಸುಮಾರು 9.8 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಸುತ್ತಲಿನ ವಾತಾವರಣ ಸರಾಸರಿಯಲ್ಲಿ ಕಿಲೋಮೀಟರಿಗೆ 6.5 ಡಿಗ್ರಿ ಮಾತ್ರ ತಣ್ಣಗಾಗುತ್ತದೆ. ಹಾಗಾಗಿ ಒಂದು ಹಿಡಿ ಗಾಳಿಯನ್ನು ಮೇಲಕ್ಕೆ ತಳ್ಳಿದರೆ ಅದು ನೆರೆಯ ಗಾಳಿಗಿಂತ ತಂಪಾಗಿ, ಭಾರವಾಗಿ, ಕೆಳಕ್ಕೆ ಬೀಳುತ್ತದೆ. ಬಿದ್ದ ಭರದಲ್ಲಿ ತನ್ನ ಮಟ್ಟವನ್ನೂ ದಾಟಿ ಇಳಿಯುತ್ತದೆ. ಅಲ್ಲಿ ಅದೇ ನೆರೆಗಿಂತ ಬೆಚ್ಚಗೆ, ಹಗುರ. ಮತ್ತೆ ಏರುತ್ತದೆ. ಸ್ಪ್ರಿಂಗಿಗೆ ಕಟ್ಟಿದ ಕಲ್ಲಿನಂತೆ. ಈ ಏರಿಳಿತದ ಒಂದು ಸುತ್ತಿಗೆ ವಾತಾವರಣದ ಕೆಳಭಾಗದಲ್ಲಿ ಸಾಮಾನ್ಯವಾಗಿ ಹತ್ತು ನಿಮಿಷದ ಆಸುಪಾಸು ಬೇಕು. ಮೇಲೆ ಹೋದಷ್ಟೂ ಬೆಚ್ಚಗಾಗುವ ಪದರವೇನಾದರೂ ಇದ್ದರೆ ಸ್ಪ್ರಿಂಗ್ ಇನ್ನೂ ಬಿಗಿ, ಸುತ್ತು ಇನ್ನೂ ಚುರುಕು. ನೀರಿನಲ್ಲಿ ಇದೇ ಕೆಲಸವನ್ನು ಉಪ್ಪು ಮಾಡುತ್ತದೆ: ಕೆಳಗೆ ಭಾರದ ಉಪ್ಪುನೀರು, ಮೇಲೆ ಹಗುರವಾದ ಸಿಹಿನೀರು. ವಾತಾವರಣದ ಹತ್ತು ನಿಮಿಷ ತೊಟ್ಟಿಯಲ್ಲಿ ಒಂದೆರಡು ಸೆಕೆಂಡಿಗೆ ಇಳಿಯುತ್ತದೆ, ಕಿಲೋಮೀಟರುಗಳು ಅಂಗೈ ಅಗಲಕ್ಕೆ ಬರುತ್ತವೆ.

ಮೊದಲ ಭಾನುವಾರ: ಓರೆಯಾಗುವ ಕೊಳವೆ

ಅಂದು ಕಂಡ ಸಾಲುಮೋಡಕ್ಕೆ ಬಹಳ ಸಲ ಕಾರಣವಾಗುವುದು ಎರಡು ಪದರಗಳ ವೇಗದ ವ್ಯತ್ಯಾಸ. ಮೇಲಿನ ಪದರ ಜೋರಾಗಿ ಓಡುತ್ತಿದ್ದು ಕೆಳಗಿನದು ನಿಧಾನವಾಗಿದ್ದರೆ ನಡುವಿನ ಗೆರೆ ಸುಕ್ಕಾಗುತ್ತದೆ. ಕೆರೆಯ ಮೇಲೆ ಗಾಳಿ ಬೀಸಿ ತೆರೆ ಎದ್ದಂತೆಯೇ, ಆದರೆ ಇಲ್ಲಿ ಎರಡೂ ಕಡೆ ಗಾಳಿ. ಇದರ ಲೆಕ್ಕವನ್ನು ಮೊದಲು ಹಾಕಿದವರು ಹೆಲ್ಮ್‌ಹೋಲ್ಟ್ಸ್ (1868) ಮತ್ತು ಕೆಲ್ವಿನ್ (1871). ಪ್ರಯೋಗಾಲಯದಲ್ಲಿ ಇದನ್ನು ತೋರಿಸುವ ಉಪಾಯ ಹಾಸ್ಯಾಸ್ಪದ ಎನ್ನುವಷ್ಟು ಸರಳ: ಎರಡು ದ್ರವ ತುಂಬಿದ ಮುಚ್ಚಿದ ಕೊಳವೆಯನ್ನು ಓರೆ ಮಾಡುವುದು. ಭಾರದ್ದು ತಳ ಹಿಡಿದು ಕೆಳಕ್ಕೆ ಜಾರುತ್ತದೆ, ಹಗುರವಾದದ್ದು ಮೇಲಿನ ಗೋಡೆ ಹಿಡಿದು ಎದುರು ದಿಕ್ಕಿಗೆ ಹೋಗುತ್ತದೆ. ಆಸ್ಬರ್ನ್ ರೆನಾಲ್ಡ್ಸ್ 1883ರಲ್ಲಿ ನೀರು ಮತ್ತು ಕಾರ್ಬನ್ ಡೈಸಲ್ಫೈಡ್ ಬಳಸಿ ಇದನ್ನು ಮಾಡಿದ್ದರು. ಆ ದ್ರವ ವಿಷಕಾರಿ, ಮೇಲಾಗಿ ಬೇಗ ಹೊತ್ತಿಕೊಳ್ಳುವಂಥದ್ದು. ನನಗೆ ಉಪ್ಪೇ ಸಾಕು.

5 ಮಿಲಿಮೀಟರ್ ದಪ್ಪದ ಅಕ್ರಿಲಿಕ್ ಹಾಳೆಯನ್ನು ಕತ್ತರಿಸಿ ಒಳಗಿನ ಅಳತೆ 120 ಸೆಂಟಿಮೀಟರ್ ಉದ್ದ, 5 ಅಗಲ, 6 ಎತ್ತರ ಇರುವ ಪೆಟ್ಟಿಗೆ ಮಾಡಿದೆ. ಮೇಲ್ಭಾಗದಲ್ಲಿ ಒಂದೊಂದು ತುದಿಗೆ ಒಂದರಂತೆ ಎರಡು ತೂತು, ತಳದ ನಡುವೆ ಒಂದು. ಮೊದಲ ತಪ್ಪು ಅಂದೇ ಆಯಿತು: ಅಂಚುಗಳನ್ನು ಸಿಲಿಕಾನ್ ಅಂಟಿನಿಂದ ಮುಚ್ಚಿದೆ. ಗಾಜನ್ನು ಅಷ್ಟು ಚೆನ್ನಾಗಿ ಹಿಡಿಯುವ ಸಿಲಿಕಾನ್ ಅಕ್ರಿಲಿಕ್ಕಿಗೆ ಮನಸ್ಸಿಲ್ಲದೆ ಅಂಟುತ್ತದೆ. 24 ಗಂಟೆ ಒಣಗಿಸಿ ನೀರು ತುಂಬಿದರೆ ಒಂದು ಮೂಲೆಯಲ್ಲಿ ಮಣಿ ಮಣಿಯಾಗಿ ನೀರು ಬಂತು. ಉಗುರಿನಿಂದ ಎಳೆದರೆ ಅಂಟು ದಾರದಂತೆ ಪೂರ್ತಿ ಕಿತ್ತುಬಂತು. ಎಲ್ಲವನ್ನೂ ಕೆರೆದು ತೆಗೆದು, ಅಕ್ರಿಲಿಕ್ ಬೆಸೆಯುವ ದ್ರಾವಕವನ್ನು ಸೂಜಿಯಲ್ಲಿ ಸಂದಿಗೆ ಹರಿಯಬಿಟ್ಟೆ. ಅದು ಅಂಚುಗಳನ್ನು ಕರಗಿಸಿ ಒಂದೇ ತುಂಡು ಮಾಡುತ್ತದೆ. ಕಿಟಕಿ ಬಾಗಿಲು ತೆರೆದಿಟ್ಟು ಮಾಡಬೇಕಾದ ಕೆಲಸ. ಆ ಆವಿ ಮೂಗಿಗೆ ಒಳ್ಳೆಯದಲ್ಲ.

ಪೆಟ್ಟಿಗೆಯ ನಡುವಿಗೆ ಅಡಿಯಲ್ಲಿ ಒಂದು ಕೀಲು, ಎಡತುದಿಯ ಕೆಳಗೆ 6 ಸೆಂಟಿಮೀಟರ್ ತಗ್ಗಿನಲ್ಲಿ ಒಂದು ಮರದ ತುಂಡು. ತುದಿ ತುಂಡಿಗೆ ತಾಗುವಷ್ಟು ಇಳಿಸಿದರೆ ಓರೆ 6 ಡಿಗ್ರಿಗೆ ತುಸು ಕಡಿಮೆ. ಕೀಲಿನ ಮೇಲೆ ಪೆಟ್ಟಿಗೆ ಮಟ್ಟವಾಗಿದೆಯೇ ಎಂದು ನೋಡಲು ರಸಮಟ್ಟ ಇಟ್ಟುಕೊಳ್ಳಿ. ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ: ಅರ್ಧ ಡಿಗ್ರಿ ಓರೆಯಿದ್ದರೂ ಉಪ್ಪುನೀರು ಒಂದು ತುದಿಯಲ್ಲಿ ದಪ್ಪಗೆ, ಇನ್ನೊಂದರಲ್ಲಿ ತೆಳ್ಳಗೆ ಕೂರುತ್ತದೆ.

ತುಂಬುವ ಕ್ರಮ ಇದು. ಮೊದಲು ಸಿಹಿನೀರನ್ನು ಅರ್ಧ ಪೆಟ್ಟಿಗೆಗೆ, ಅಂದರೆ 1.8 ಲೀಟರ್. ನಂತರ ಲೀಟರಿಗೆ 50 ಗ್ರಾಂ ಉಪ್ಪು ಕರಗಿಸಿ ನೀಲಿ ಶಾಯಿ ಬೆರೆಸಿದ ನೀರನ್ನು ತಳದ ತೂತಿನಿಂದ ಸಣ್ಣ ಕೊಳವೆಯಲ್ಲಿ, ಹನಿಗಿಂತ ತುಸು ಜೋರಾಗಿ. ಅವಸರ ಮಾಡಿದರೆ ಕಾರಂಜಿಯಂತೆ ಚಿಮ್ಮಿ ಎಲ್ಲ ಬೆರೆತುಹೋಗುತ್ತದೆ. ತೂತಿನ ಮೇಲೆ ಒಂದು ಚೂರು ಸ್ಪಂಜು ಅಂಟಿಸಿದ ಮೇಲೆ ನೀಲಿ ನೀರು ತಳದಲ್ಲಿ ನೆಲ ಒರೆಸಿದ ಬಟ್ಟೆಯ ನೀರಿನಂತೆ ಮೆಲ್ಲಗೆ ಹರಡಿ, ಸಿಹಿನೀರನ್ನು ತನ್ನ ತಲೆಯ ಮೇಲೆ ಎತ್ತಿಕೊಂಡು ಏರಿತು. ಎರಡು ತುದಿಯ ತೂತುಗಳಿಂದ ನೀರು ಉಕ್ಕಿದಾಗ ಬಿರಡೆ ಹಾಕಿದೆ.

ಓರೆ ಮಾಡಿದೆ. ಕಂಡದ್ದು ಒಂದು ದೊಡ್ಡ ಗಾಳಿಗುಳ್ಳೆ! ಮುಚ್ಚಳದಡಿ ಅವಿತಿದ್ದದ್ದು ಇಡೀ ಕೊಳವೆಯುದ್ದಕ್ಕೂ ಓಡಿ ಹಿಂದೆ ಸುಳಿ ಎಬ್ಬಿಸಿಕೊಂಡು ಹೋಯಿತು. ಎರಡನೆಯ ಸಲ ಅದನ್ನು ಹೊರಹಾಕಿದೆ. ಆದರೆ ನಲ್ಲಿಯಿಂದ ಆಗಷ್ಟೇ ಹಿಡಿದ ನೀರಿನಲ್ಲಿ ಕರಗಿದ್ದ ಗಾಳಿ ಸಾಸಿವೆಯಷ್ಟು ಗುಳ್ಳೆಗಳಾಗಿ ಗೋಡೆಗೆಲ್ಲ ಅಂಟಿತು. ಮೂರನೆಯ ಸಲಕ್ಕೆ ನೀರನ್ನು ಒಂದು ರಾತ್ರಿ ತೆರೆದಿಟ್ಟು ಬಳಸಿದೆ. ಅಲ್ಲಿಗೆ ಗುಳ್ಳೆಯ ಕಾಟ ಮುಗಿಯಿತು, ಭಾನುವಾರವೂ ಮುಗಿಯಿತು.

ಎರಡನೆಯ ಭಾನುವಾರ: ಕಾಯುವುದೂ ಒಂದು ಉಪಕರಣ

ತುಂಬಿದ ತಕ್ಷಣ ಓರೆ ಮಾಡಿದಾಗ ನಡುವಿನ ಗೆರೆಯಲ್ಲಿ ಬೆರಳಿನಷ್ಟು ಅಗಲದ ಚಿಕ್ಕ ಚಿಕ್ಕ ಹಲ್ಲುಗಳು ಮೂಡಿ, ಕಣ್ಣು ಮಿಟುಕಿಸುವಷ್ಟರಲ್ಲಿ ಹೊಗೆಯಂತೆ ಕದಡಿದವು. ಇದೇನೋ ಹೌದು, ಆದರೆ ಆಕಾಶದಲ್ಲಿ ಕಂಡ ಆ ಬೀಸು ಇದರಲ್ಲಿರಲಿಲ್ಲ. ಇನ್ನಷ್ಟು ಓರೆ ಮಾಡಿದೆ, ಇನ್ನೂ ಕೆಟ್ಟಿತು. ಉಪ್ಪು ಹೆಚ್ಚಿಸಿದೆ, ಹಲ್ಲು ಹಲ್ಲಾಗಿಯೇ ಉಳಿಯಿತು.

ಸರಿಹೋದದ್ದು ಅಕಸ್ಮಾತ್ತಾಗಿ. ಮತ್ತೊಮ್ಮೆ ತುಂಬಿ ಮುಗಿಸುವಷ್ಟರಲ್ಲಿ ಬೇರೆ ಕೆಲಸ ಬಂದು ಹೋದೆ, ಹಿಂತಿರುಗಿದಾಗ ಗಂಟೆ ದಾಟಿತ್ತು. ನೀಲಿಯ ಅಂಚು ಮೊದಲಿನಂತೆ ಚಾಕುವಿನ ಗೆರೆಯಾಗಿರಲಿಲ್ಲ. ಹೆಚ್ಚೂ ಕಡಿಮೆ 8 ಮಿಲಿಮೀಟರಿನಷ್ಟು ಮಸುಕಾದ ಪಟ್ಟಿಯಾಗಿತ್ತು. ಹಾಳಾಯಿತು ಎಂದುಕೊಂಡೇ ಓರೆ ಮಾಡಿದೆ. ಒಂದು, ಎರಡು, ಮೂರು ಸೆಕೆಂಡು ಏನೂ ಇಲ್ಲ. ನೀಲಿ ಎಡಕ್ಕೆ, ತಿಳಿನೀರು ಬಲಕ್ಕೆ ಸದ್ದಿಲ್ಲದೆ ಜಾರುತ್ತಿದ್ದವು. ನಾಲ್ಕಕ್ಕೆ ಗೆರೆ ನವಿರಾಗಿ ತೂಗಿತು. ಐದಕ್ಕೆ ತೂಗಿದ ಜಾಗಗಳೆಲ್ಲ ಒಟ್ಟಿಗೆ ಎದ್ದವು, 5 ಸೆಂಟಿಮೀಟರಿಗೊಂದರಂತೆ, ಅಳೆದಿಟ್ಟ ಹಾಗೆ. ಆರಕ್ಕೆ ಪ್ರತಿಯೊಂದರ ನೆತ್ತಿ ಮುಂದಕ್ಕೆ ಬಾಗಿತು, ಏಳಕ್ಕೆ ಸುರುಳಿ ಸುತ್ತಿಕೊಂಡಿತು. ಸುರುಳಿಯ ಹೊಟ್ಟೆಯಲ್ಲಿ ನೀಲಿ, ತಿಳಿ, ನೀಲಿ, ತಿಳಿ ಎಂದು ಎಳೆ ಎಳೆ. ಒಂಬತ್ತಕ್ಕೆ ಎರಡೂ ತುದಿಗಳಿಂದ ಗೋಡೆಯಂತೆ ನೀರು ನುಗ್ಗಿ ಬಂದು ಎಲ್ಲವನ್ನೂ ಅಳಿಸಿಹಾಕಿತು.

ಉಪ್ಪು ನೀರಿನಲ್ಲಿ ತಾನಾಗಿ ಹರಡುವುದು ಬಹಳ ನಿಧಾನ. ಒಂದು ಗಂಟೆಗೆ ಎಂಟು ಹತ್ತು ಮಿಲಿಮೀಟರಿನ ಪಟ್ಟಿ. ಅಲೆಯ ಉದ್ದವನ್ನು ನಿರ್ಧರಿಸುವುದು ಈ ಪಟ್ಟಿಯ ದಪ್ಪವೇ. ಸುಲಭವಾಗಿ ಬೆಳೆಯುವ ಅಲೆ ಪಟ್ಟಿಯ ದಪ್ಪಕ್ಕಿಂತ ಸುಮಾರು ಏಳು ಪಟ್ಟು ಉದ್ದವಿರುತ್ತದೆ ಎಂದು ಸಿದ್ಧಾಂತ ಹೇಳುತ್ತದೆ. 8 ಮಿಲಿಮೀಟರಿಗೆ ಐದೂವರೆ ಸೆಂಟಿಮೀಟರ್: ನನ್ನ ಅಳತೆಗೋಲಿಗೆ ಇದಕ್ಕಿಂತ ಹತ್ತಿರದ ಉತ್ತರ ಬೇಕಿಲ್ಲ. ಆಕಾಶದಲ್ಲಿಯೂ ಹೀಗೆಯೇ. ನೂರು ಮೀಟರ್ ದಪ್ಪದ ಬೆರಕೆ ಪದರವಿದ್ದರೆ ಸಾಲಿನಿಂದ ಸಾಲಿಗೆ ಏಳೆಂಟು ನೂರು ಮೀಟರ್. ಸಾಲುಗಳ ಅಂತರ ನೋಡಿ, ಕಣ್ಣಿಗೆ ಕಾಣದ ಪದರದ ದಪ್ಪವನ್ನು ಅಂದಾಜು ಮಾಡಬಹುದು ಎಂದರೆ ನನಗಂತೂ ಇದು ಸಣ್ಣ ವಿಷಯವಲ್ಲ.

ಮೊದಲ ಮೂರು ಸೆಕೆಂಡು ಏನೂ ಆಗದಿರುವುದಕ್ಕೂ ಕಾರಣವಿದೆ. ವೇಗದ ವ್ಯತ್ಯಾಸ ಗೆರೆಯನ್ನು ಸುತ್ತಿಡಲು ನೋಡುತ್ತದೆ, ತೂಕದ ವ್ಯತ್ಯಾಸ ಅದನ್ನು ಚಪ್ಪಟೆಯಾಗಿ ಒತ್ತಿ ಹಿಡಿಯುತ್ತದೆ. ಈ ಎರಡರ ಬಲಾಬಲದ ಅಳತೆಗೆ ರಿಚರ್ಡ್‌ಸನ್ ಸಂಖ್ಯೆ ಎಂದು ಹೆಸರು. ಅದು ನಾಲ್ಕನೇ ಒಂದು ಭಾಗಕ್ಕಿಂತ ಕೆಳಗಿಳಿಯದೆ ಸುರುಳಿ ಹುಟ್ಟುವಂತಿಲ್ಲ ಎಂದು 1961ರಲ್ಲಿ ಮೈಲ್ಸ್ ಮತ್ತು ಹೊವರ್ಡ್ ಸಾಧಿಸಿದರು. ನನ್ನ ಪೆಟ್ಟಿಗೆಯಲ್ಲಿ ಎರಡು ಪದರಗಳ ನಡುವಿನ ವೇಗ ಪ್ರತಿ ಸೆಕೆಂಡಿಗೆ ಮೂರು ಚಿಲ್ಲರೆ ಸೆಂಟಿಮೀಟರಿನಂತೆ ಏರುತ್ತದೆ. ಆ ಗಡಿ ದಾಟಲು ಬೇಕಾದ ವೇಗ ಸೆಕೆಂಡಿಗೆ ಸುಮಾರು 10 ಸೆಂಟಿಮೀಟರ್. ಭಾಗಿಸಿದರೆ ಮೂರು ಸೆಕೆಂಡು. ಅಲ್ಲಿಂದ ಮುಂದೆ ಅಲೆ ಬೆಳೆದು ಕಾಣಿಸಿಕೊಳ್ಳಲು ಇನ್ನೊಂದೆರಡು. ಗಡಿಯಾರ ಹಿಡಿದು ಕೂತ ಮಗಳು "ಮೂರು... ಈಗ ಬರುತ್ತದೆ" ಎಂದು ಹೇಳಲು ಕಲಿತಳು.

ಹೀಗೆ ಸುರುಳಿಗಟ್ಟಿದ ಮೋಡಕ್ಕೆ ವಿಶ್ವ ಹವಾಮಾನ ಸಂಸ್ಥೆಯ ಮೋಡಗಳ ಅಟ್ಲಾಸ್ 2017ರಲ್ಲಿ ಫ್ಲಕ್ಟಸ್ ಎಂಬ ಹೆಸರನ್ನು ಸೇರಿಸಿತು. ಸುರುಳಿಯಾಗದೆ ಬರೇ ಸಾಲು ಸಾಲಾಗಿ ನಿಂತದ್ದು ಅಂಡ್ಯುಲೇಟಸ್. ಫ್ಲಕ್ಟಸ್ ನೋಡಬೇಕೆಂದರೆ ಅದೃಷ್ಟ ಬೇಕು, ಒಂದೆರಡು ನಿಮಿಷಕ್ಕೆಲ್ಲ ಕದಡಿಹೋಗುತ್ತದೆ. ಮೋಡವಿಲ್ಲದ ಬರೀ ನೀಲಿಯಲ್ಲೂ ಇಂಥ ಸುರುಳಿಗಳು ಹುಟ್ಟುತ್ತವೆ. ವಿಮಾನ ಇದ್ದಕ್ಕಿದ್ದಂತೆ ಕುಲುಕಿದಾಗ ಕಿಟಕಿಯಲ್ಲಿ ಏನೂ ಕಾಣದಿರುವುದು ಅದಕ್ಕೇ. ಶಾಯಿ ಹಾಕದೆ ಒಮ್ಮೆ ಕೊಳವೆಯನ್ನು ಓರೆ ಮಾಡಿ ನೋಡಿದೆ: ಒಳಗೆ ಅದೇ ಕುಣಿತ ನಡೆದಿರಬೇಕು, ಕಂಡದ್ದು ಬರೀ ನೀರು.

ಸುರುಳಿಗಳು ನನ್ನ ಕೊಳವೆಯಲ್ಲಿ ಹೆಚ್ಚುಕಡಿಮೆ ಇದ್ದಲ್ಲೇ ಇದ್ದವು, ಯಾಕೆಂದರೆ ಮೇಲಿನದು ಬಲಕ್ಕೆ ಎಷ್ಟೋ ಕೆಳಗಿನದು ಎಡಕ್ಕೆ ಅಷ್ಟೇ ಹೋಗುತ್ತಿತ್ತು. ಆಕಾಶದಲ್ಲಿ ಎರಡೂ ಪದರಗಳು ಒಂದೇ ಕಡೆಗೆ, ಬೇರೆ ಬೇರೆ ವೇಗದಲ್ಲಿ ಹೋಗುತ್ತಿದ್ದರೆ ಸಾಲುಗಳು ಆ ಎರಡರ ಸರಾಸರಿ ವೇಗದಲ್ಲಿ ಸಾಗುತ್ತವೆ. ಅಂದು ಪೂರ್ವಕ್ಕೆ ಸರಿದ ಹದಿನಾಲ್ಕು ಸಾಲಿನ ಲೆಕ್ಕ ಅಲ್ಲಿಗೆ ಮುಗಿಯಿತು.

ಮೂರನೆಯದು ಮತ್ತು ನಾಲ್ಕನೆಯದು: ಬೆಟ್ಟ ಎಳೆಯುವುದು

ಮುಗಿಯಿತು ಎಂದು ನಾನು ಅಂದುಕೊಂಡಿದ್ದೆ. ಆದರೆ ಗಾಳಿ ಬೀಸುತ್ತಿದ್ದರೂ ಗಂಟೆಗಟ್ಟಲೆ ಕದಲದೆ ನಿಲ್ಲುವ ಮೋಡಗಳಿವೆ: ಬೆಟ್ಟಸಾಲಿನ ಆಚೆ, ಮಸೂರದ ಆಕಾರದಲ್ಲಿ, ನಯವಾಗಿ ತೀಡಿದಂತೆ. ಲೆಂಟಿಕ್ಯುಲಾರಿಸ್. ಗಾಳಿಯೊಂದಿಗೆ ಹೋಗುವ ಅಲೆಯನ್ನು ತೋರಿಸಿದ ಮೇಲೆ ಗಾಳಿಗೆ ಜಗ್ಗದ ಅಲೆಯನ್ನು ತೋರಿಸದಿದ್ದರೆ ಹೇಗೆ?

ಇದಕ್ಕೆ ತೆರೆದ ತೊಟ್ಟಿ ಬೇಕು. ಗಾಜಿನದು, 150 ಸೆಂಟಿಮೀಟರ್ ಉದ್ದ, 10 ಅಗಲ, 15 ಎತ್ತರ. ಗಾಜಾದ್ದರಿಂದ ಈ ಸಲ ಸಿಲಿಕಾನ್ ಅಂಟು ಮರ್ಯಾದೆ ಉಳಿಸಿತು. ತಳದಲ್ಲಿ 4 ಸೆಂಟಿಮೀಟರ್ ನೀಲಿ ಉಪ್ಪುನೀರು, ಮೇಲೆ 8 ಸೆಂಟಿಮೀಟರ್ ಸಿಹಿನೀರು. ಉಪ್ಪು ಲೀಟರಿಗೆ 110 ಗ್ರಾಂ. ಯಾಕಿಷ್ಟು ಎಂಬುದನ್ನು ಆಮೇಲೆ ಹೇಳುತ್ತೇನೆ. ಗಾಳಿಯ ಬದಲು ಬೆಟ್ಟವನ್ನೇ ಎಳೆದರಾಯಿತು. ನಿಂತ ನೀರಿನಲ್ಲಿ ಬೆಟ್ಟ ಬಲಕ್ಕೆ ಹೋಗುವುದೂ ನಿಂತ ಬೆಟ್ಟದ ಮೇಲೆ ನೀರು ಎಡಕ್ಕೆ ಹರಿಯುವುದೂ ಅಲೆಗೆ ಒಂದೇ. 1950ರ ದಶಕದಲ್ಲಿ ರಾಬರ್ಟ್ ಲಾಂಗ್ ತೊಟ್ಟಿಗಳಲ್ಲಿ ಅಡ್ಡಿಗಳನ್ನು ಎಳೆದು ಈ ವಿದ್ಯೆಯನ್ನು ಗಟ್ಟಿ ಮಾಡಿದರು.

5 ಸೆಂಟಿಮೀಟರ್ ವ್ಯಾಸದ ಪ್ಲಾಸ್ಟಿಕ್ ಪೈಪನ್ನು ಉದ್ದಕ್ಕೆ ಸೀಳಿ ಬೋರಲು ಹಾಕಿ, ಎರಡೂ ಬದಿಗೆ ಮೇಣ ಮೆತ್ತಿ ಇಳಿಜಾರು ಮಾಡಿದೆ. ದಾರ ಕಟ್ಟಿ ತಳದಲ್ಲಿ ಎಳೆದರೆ ಬೆಟ್ಟ ಕಪ್ಪೆಯಂತೆ ಕುಪ್ಪಳಿಸಿತು; ತಳಕ್ಕೆ ಅಂಟಿ ನಿಂತು, ದಾರ ಬಿಗಿದು, ಹಾರಿ, ಮತ್ತೆ ನಿಂತು. ಮೇಲಾಗಿ ಎರಡೂವರೆ ಸೆಂಟಿಮೀಟರ್ ಎತ್ತರ 4 ಸೆಂಟಿಮೀಟರ್ ಪದರಕ್ಕೆ ಅತಿಯಾಯಿತು. ಉಪ್ಪುನೀರು ಬೆಟ್ಟದ ಮುಂದೆ ಗುಡ್ಡೆಯಾಗಿ, ಹಿಂದೆ ಜಲಪಾತದಂತೆ ಧುಮುಕಿ ಕೆಳಗೆ ರಾಡಿ ಮಾಡಿತು. ಬೆಟ್ಟದ ಇಳಿಜಾರಿನಲ್ಲಿ ಗಾಳಿ ಬಿರುಸಾಗಿ ಇಳಿಯುವುದಕ್ಕೆ ಅದೂ ಒಂದು ಮಾದರಿಯೇ, ಆದರೆ ನನಗೆ ಬೇಕಾದದ್ದಲ್ಲ. ಕೆರೆದು ಕೆರೆದು ಎತ್ತರವನ್ನು ಒಂದೂವರೆ ಸೆಂಟಿಮೀಟರಿಗೆ ತಂದೆ.

ಎಳೆಯುವ ವ್ಯವಸ್ಥೆಯನ್ನು ಪೂರ್ತಿ ಬದಲಾಯಿಸಿದೆ. ತೊಟ್ಟಿಯ ಅಂಚಿನ ಮೇಲೆ ನಾಲ್ಕು ಚಕ್ರದ ಒಂದು ಬಂಡಿ. ಬಂಡಿಯಿಂದ ಹಿಂಗೋಡೆಯ ಪಕ್ಕದಲ್ಲಿ ತೆಳುವಾದ ಅಕ್ರಿಲಿಕ್ ಪಟ್ಟಿಯೊಂದು ನೀರಿಗಿಳಿದು ಬೆಟ್ಟವನ್ನು ತಳಕ್ಕೆ ತಾಗಿಯೂ ತಾಗದಂತೆ ಹಿಡಿದಿರುತ್ತದೆ. ತುದಿಯಲ್ಲಿ ನಿಮಿಷಕ್ಕೆ 30 ಸುತ್ತು ತಿರುಗುವ 12 ವೋಲ್ಟಿನ ಗೇರ್ ಮೋಟರು. ಅದರ ಅಚ್ಚಿಗೆ ಡಬ್ಬಿಯ ಮುಚ್ಚಳ, ಮುಚ್ಚಳಕ್ಕೆ ದಾರ. ವೇಗ ಬದಲಿಸಲು ಎಲೆಕ್ಟ್ರಾನಿಕ್ಸ್ ಬೇಕಿಲ್ಲ, ಮುಚ್ಚಳ ಬದಲಿಸಿದರೆ ಸಾಕು. 5 ಸೆಂಟಿಮೀಟರ್ ವ್ಯಾಸದ ಮುಚ್ಚಳಕ್ಕೆ ಸೆಕೆಂಡಿಗೆ ಸುಮಾರು 8 ಸೆಂಟಿಮೀಟರ್, ಆರೂವರೆಯದಕ್ಕೆ 10, ಹತ್ತರದಕ್ಕೆ 15ಕ್ಕಿಂತ ತುಸು ಹೆಚ್ಚು.

ಬಂಡಿಯಿಂದ ಪಕ್ಕಕ್ಕೆ ಒಂದು ತೋಳು ಚಾಚಿ ಮೊಬೈಲನ್ನು ಅದಕ್ಕೆ ಸಿಕ್ಕಿಸಿದೆ, ಬೆಟ್ಟದ ಜೊತೆಗೇ ಕ್ಯಾಮೆರಾ ಓಡಲಿ ಎಂದು. ಮೊದಲ ಓಟದಲ್ಲಿ ಮೊಬೈಲಿನ ಭಾರಕ್ಕೆ ಬಂಡಿ ಒಂದೇ ಬದಿಗೆ ವಾಲಿ ಎರಡು ಚಕ್ರದ ಮೇಲೆ ನಿಂತಿತು. ಮಗಳು ಹಿಡಿಯದಿದ್ದರೆ ಮೊಬೈಲ್ ನೆಲದ ಪಾಲಾಗುತ್ತಿತ್ತು. ಇನ್ನೊಂದು ಬದಿಗೆ ನೀರು ತುಂಬಿದ ಚಿಕ್ಕ ಬಾಟಲಿ ನೇತುಹಾಕಿ ಸಮತೂಗಿಸಿದೆ.

ಸಣ್ಣ ಮುಚ್ಚಳ ಹಾಕಿ ಓಡಿಸಿದಾಗ ಬೆಟ್ಟದ ಹಿಂದೆ ನೀಲಿ ಗೆರೆ ಏರಿತು, ಇಳಿಯಿತು, ಏರಿತು. ತೊಟ್ಟಿಯ ಕೊನೆ ಮುಟ್ಟುವಷ್ಟರಲ್ಲಿ ನಾಲ್ಕು ಉಬ್ಬು, ಒಂದೊಂದರ ನಡುವೆ 12 ಸೆಂಟಿಮೀಟರಿನ ಹತ್ತಿರ. ಆರೂವರೆ ಸೆಂಟಿಮೀಟರಿನ ಮುಚ್ಚಳಕ್ಕೆ ಎರಡೇ ಉಬ್ಬು, ಅಂತರ 20ರ ಸುಮಾರು. ಹತ್ತು ಸೆಂಟಿಮೀಟರಿನ ಮುಚ್ಚಳಕ್ಕೆ ಬೆಟ್ಟದ ನೆತ್ತಿಯ ಮೇಲೆ ಒಂದು ಉಬ್ಬು ಮಾತ್ರ, ಹಿಂದೆ ಬರೀ ನೇರ ಗೆರೆ. ಈ ಎರಡು ಪದರಗಳ ನಡುವೆ ಅಲೆ ಓಡಬಲ್ಲ ಗರಿಷ್ಠ ವೇಗ ಸೆಕೆಂಡಿಗೆ ಹದಿಮೂರೂವರೆ ಸೆಂಟಿಮೀಟರ್. ಬೆಟ್ಟ ಅದಕ್ಕಿಂತ ಜೋರಾಗಿ ಹೋದರೆ ಯಾವ ಅಲೆಯೂ ಅದರ ಜೊತೆ ಹೆಜ್ಜೆ ಹಾಕಲಾರದು. ಗಾಳಿ ಜೋರಾದಷ್ಟೂ ಅಲೆ ಉದ್ದ ಎಂಬುದು ಆಕಾಶಕ್ಕೂ ಹೊಂದುತ್ತದೆ. ಏರಿಳಿತದ ಸುತ್ತಿಗೆ ಹತ್ತು ನಿಮಿಷ ಎಂದಿಟ್ಟುಕೊಂಡರೆ, ಸೆಕೆಂಡಿಗೆ 10 ಮೀಟರಿನ ಗಾಳಿಯಲ್ಲಿ ಉಬ್ಬಿನಿಂದ ಉಬ್ಬಿಗೆ 6 ಕಿಲೋಮೀಟರ್, 20 ಮೀಟರಿನ ಗಾಳಿಯಲ್ಲಿ 12. ಬೆಟ್ಟಸಾಲಿನ ಆಚೆ ಉಪಗ್ರಹ ಚಿತ್ರಗಳಲ್ಲಿ ಕಾಣುವ ಪಟ್ಟಿಮೋಡಗಳ ಅಂತರ ಬಹುಮಟ್ಟಿಗೆ ಈ ಆಸುಪಾಸಿನಲ್ಲೇ ಇರುತ್ತದೆ.

ಮೊಬೈಲಿನ ಚಿತ್ರೀಕರಣ ನೋಡಿದಾಗ ನಾನೇ ಸುಮ್ಮನಾದೆ. ಬೆಟ್ಟ ನಿಂತಿದೆ. ಅದರ ಹಿಂದೆ ನಾಲ್ಕು ಉಬ್ಬುಗಳು ಮೊಳೆ ಹೊಡೆದಂತೆ ನಿಂತಿವೆ. ಗಾಜಿನ ಮೇಲಿನ ಕಲೆಗಳೂ ಅಳತೆಪಟ್ಟಿಯ ಗೆರೆಗಳೂ ಮಾತ್ರ ಹಿಂದಕ್ಕೆ ಓಡುತ್ತಿವೆ.

ಮಗಳಿಗೆ ತೃಪ್ತಿಯಾಗಲಿಲ್ಲ. "ಅಪ್ಪಾ, ಇದರಲ್ಲಿ ಮೋಡ ಎಲ್ಲಿದೆ? ಕೆಳಗೆಲ್ಲ ನೀಲಿಯೇ ಇದೆಯಲ್ಲ."

ಐದನೆಯದು: ಕಪ್ಪು ಕಾಗದ

ಅವಳ ಆಕ್ಷೇಪ ಸರಿಯಾಗಿತ್ತು. ಶಾಯಿ ಯಾವಾಗಲೂ ಇರುತ್ತದೆ, ಮೋಡ ಹಾಗಲ್ಲ. ತೇವದ ಗಾಳಿ ಒಂದು ಮಟ್ಟಕ್ಕಿಂತ ಮೇಲೇರಿದಾಗ ಮಾತ್ರ ಆವಿ ಹನಿಗಟ್ಟಿ ಕಾಣಿಸಿಕೊಳ್ಳುತ್ತದೆ, ಇಳಿದಾಗ ಹನಿ ಆರಿ ಮಾಯವಾಗುತ್ತದೆ. ನೀರಿನಲ್ಲಿ ಇದನ್ನು ಮಾಡುವುದು ಹೇಗೆ? ತಾಪ ಬದಲಾದರೆ ಬಣ್ಣ ಬದಲಿಸುವ ಪುಡಿ, ಲೇಸರ್ ಏರ್ಪಾಡು ಎಂದೆಲ್ಲ ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಮಾಡಿದ್ದು ಇಷ್ಟು: ಮುಂಗಾಜಿನ ಹೊರಗೆ, ತಳದಿಂದ 4.6 ಸೆಂಟಿಮೀಟರ್ ಎತ್ತರದವರೆಗೆ, ಉದ್ದಕ್ಕೂ ಕಪ್ಪು ಕಾಗದ ಅಂಟಿಸಿದೆ. ನೀಲಿಯ ಮಟ್ಟ 4. ನೀರು ನಿಂತಿದ್ದಾಗ ಕಾಗದದ ಮೇಲೆ ಏನೂ ಕಾಣುವುದಿಲ್ಲ, ತಿಳಿಯಾದ ಆಕಾಶ. ಕಾಗದದ ಮೇಲಂಚೇ ಮೋಡ ಹುಟ್ಟುವ ಮಟ್ಟ.

ಬಂಡಿ ಹೊರಟಿತು. ಖಾಲಿ ಬೆಳಕಿನಲ್ಲಿ ಒಂದು ನೀಲಿ ಮಸೂರ ಮೂಡಿತು. ಸ್ವಲ್ಪ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು, ಒಂದಕ್ಕಿಂತ ಒಂದು ಚಿಕ್ಕದು. ನಡುವೆ ಏನೂ ಇಲ್ಲ. ಕ್ಯಾಮೆರಾ ಕಣ್ಣು ಕಾಗದದ ಅಂಚಿನ ಮಟ್ಟಕ್ಕೇ ಇರಬೇಕು, ಮೇಲಿಂದ ನೋಡಿದರೆ ಗುಟ್ಟು ರಟ್ಟು. ಪಟ್ಟಿ ಪಟ್ಟಿಯಾಗಿ ಕಾಣುವುದು ಮೋಡದ ಗುಣವಲ್ಲ, ಅಲೆ ಎಲ್ಲೆಡೆಯೂ ಇದೆ, ಅದರ ನೆತ್ತಿಗೆ ಮಾತ್ರ ಬಿಳಿ ಬಳಿದಿದೆ ಎಂದು ಐದು ವಾರ ಹೇಳಲು ಒದ್ದಾಡಿದ್ದನ್ನು ಆ ಕಾಗದ ಹೇಳಿತು. ಗಾಳಿ ತೀರಾ ಒಣಗಿದ್ದರೆ ಅಲೆಯಿದ್ದೂ ಮೋಡವಿಲ್ಲ, ತೀರಾ ತೇವವಿದ್ದರೆ ತಗ್ಗೂ ತುಂಬಿ ಆಕಾಶವೆಲ್ಲ ಒಂದೇ ಹಾಸು. ಕಾಗದವನ್ನು ಮೇಲೆ ಕೆಳಗೆ ಜರುಗಿಸಿ ಎರಡನ್ನೂ ನೋಡಬಹುದು.

ಈಗ 110 ಗ್ರಾಂ ಉಪ್ಪಿನ ವಿಷಯ. ಮೋಡ ನಿಂತಿದೆ, ಗಾಳಿ ಅದರ ಮೂಲಕ ಹಾದುಹೋಗುತ್ತಿದೆ ಎಂಬುದನ್ನು ತೋರಿಸಲು ನಡುವಿನ ಪಟ್ಟಿಯಲ್ಲೇ ತೇಲುವ ಕಣಗಳು ಬೇಕಿದ್ದವು. ಸಿಹಿನೀರಿನಲ್ಲಿ ಮುಳುಗಬೇಕು, ಉಪ್ಪುನೀರಿನಲ್ಲಿ ತೇಲಬೇಕು. ಹಳೆಯ ಸಿಡಿಗಳ ಪಾರದರ್ಶಕ ಪೆಟ್ಟಿಗೆಗಳು ಪಾಲಿಸ್ಟೈರೀನಿನವು, ಸಾಂದ್ರತೆ 1.05. ಲೀಟರಿಗೆ 110 ಗ್ರಾಂ ಉಪ್ಪಿನ ನೀರಿನದು 1.07. ಒಂದು ಪೆಟ್ಟಿಗೆಯನ್ನು ಅರದಿಂದ ಉಜ್ಜಿ ಚೂರು ಮಾಡಿದೆ. ಹಾಗೇ ಹಾಕಿದರೆ ಗುಳ್ಳೆ ಅಂಟಿಕೊಂಡು ಮೇಲೇ ತೇಲುತ್ತವೆ. ಒಂದು ಹನಿ ಸೋಪುನೀರಿನಲ್ಲಿ ಕಲಸಿ ಹಾಕಿದರೆ ಇಳಿದು ಪಟ್ಟಿಯಲ್ಲಿ ಸಾಲಾಗಿ ಕೂರುತ್ತವೆ. ಓಡಿಸಿದಾಗ ಬಂಡಿಯ ಮೇಲಿನ ಕ್ಯಾಮೆರಾದಲ್ಲಿ ಕಂಡದ್ದು: ಚೂರುಗಳು ಮಸೂರದ ಒಂದು ಅಂಚಿನಲ್ಲಿ ಹುಟ್ಟಿ, ನೆತ್ತಿ ದಾಟಿ, ಇನ್ನೊಂದು ಅಂಚಿನಲ್ಲಿ ಮುಳುಗಿ ಮಾಯವಾಗುತ್ತವೆ. ಮುಂದಿನ ಮಸೂರದಲ್ಲಿ ಮತ್ತೆ ಹುಟ್ಟುತ್ತವೆ. ಮಸೂರ ಕದಲುವುದಿಲ್ಲ.

ಕೊನೆಗೊಂದು ಪರೀಕ್ಷೆಯನ್ನು ಮಗಳೇ ಮಾಡಿದಳು, ಕೇಳದೆ. ಬಂಡಿ ಮುಕ್ಕಾಲು ದಾರಿ ಬಂದಾಗ ಮೋಟರಿನ ತಂತಿ ಕಿತ್ತಳು. ಬೆಟ್ಟ ಗಕ್ಕನೆ ನಿಂತಿತು. ಮಸೂರಗಳು ನಿಲ್ಲಲಿಲ್ಲ! ಒಂದರ ಹಿಂದೊಂದು ಬೆಟ್ಟವನ್ನು ದಾಟಿ ಮುಂದಕ್ಕೆ ಓಡಿ, ತುದಿಯ ಗಾಜಿಗೆ ಬಡಿದು, ಮಂಕಾಗಿ ಹಿಂತಿರುಗಿದವು. ಕದಲದ ಮೋಡ ಅಂದರೆ ನಿಂತ ಅಲೆ ಎಂದು ಅಲ್ಲಿಯವರೆಗೆ ನಾನೂ ಸಡಿಲವಾಗಿ ಹೇಳುತ್ತಿದ್ದೆ. ಅಲ್ಲ. ಅದು ಗಾಳಿಗೆ ಎದುರಾಗಿ, ಗಾಳಿಯಷ್ಟೇ ವೇಗದಲ್ಲಿ ಓಡುತ್ತಿರುವ ಅಲೆ. ಎರಡೂ ಸರಿಸಮವಾದ್ದರಿಂದ ನೆಲದ ಮೇಲಿನವರಿಗೆ ನಿಂತಂತೆ ಕಾಣುತ್ತದೆ. ಬೇರೆ ವೇಗದ ಅಲೆಗಳೂ ಬೆಟ್ಟದಿಂದ ಹುಟ್ಟುತ್ತವೆ, ಆದರೆ ಅವು ಹಿಂದೆಯೋ ಮುಂದೆಯೋ ಚದುರಿ ಹೋಗುತ್ತವೆ.

ಹಾಗಾದರೆ ಬೆಟ್ಟವೂ ಇಲ್ಲದೆ, ಗಾಳಿಗೂ ಕಾಯದೆ ತಾನಾಗಿ ಓಡುವ ಅಲೆಮೋಡ ಇದೆಯೇ? ಇದೆ. ಆಸ್ಟ್ರೇಲಿಯಾದ ಉತ್ತರದಲ್ಲಿ, ಕಾರ್ಪೆಂಟೇರಿಯಾ ಕೊಲ್ಲಿಯ ದಕ್ಷಿಣದ ಬರ್ಕ್‌ಟೌನ್ ಸುತ್ತಮುತ್ತ, ಸೆಪ್ಟೆಂಬರ್-ಅಕ್ಟೋಬರಿನ ನಸುಕಿನಲ್ಲಿ ಬರುವ ಮಾರ್ನಿಂಗ್ ಗ್ಲೋರಿ. ನೂರಾರು ಕಿಲೋಮೀಟರ್ ಉದ್ದದ ಸುರುಳಿಮೋಡ, ಕೆಲವೊಮ್ಮೆ ಒಂದರ ಹಿಂದೆ ಒಂದು. ರಾತ್ರಿ ತಣ್ಣಗಾದ ನೆಲದ ಮೇಲಿನ ಸ್ಥಿರ ಪದರದಲ್ಲಿ ಓಡುವ ಅಲೆಯ ನೆತ್ತಿಯದು. ಮುಂಭಾಗದಲ್ಲಿ ಗಾಳಿ ಏರುವಲ್ಲಿ ಮೋಡ ಹುಟ್ಟುತ್ತಲೇ ಇರುತ್ತದೆ, ಹಿಂಭಾಗದಲ್ಲಿ ಇಳಿಯುವಲ್ಲಿ ಆರುತ್ತಲೇ ಇರುತ್ತದೆ. ಗ್ಲೈಡರ್ ಹಾರಿಸುವವರು ಆ ಮುಂಭಾಗದ ಏರುಗಾಳಿಯನ್ನು ಹಿಡಿದು ಎಂಜಿನ್ ಇಲ್ಲದೆ ದೂರ ಹೋಗುತ್ತಾರೆ. ಇದನ್ನೂ ಸ್ವಲ್ಪ ಪ್ರಯತ್ನಿಸಿದೆ: ತೊಟ್ಟಿಯ ಒಂದು ತುದಿಯಲ್ಲಿ 20 ಸೆಂಟಿಮೀಟರ್ ಜಾಗವನ್ನು ಪ್ಲಾಸ್ಟಿಕ್ ತಡೆಯಿಂದ ಬೇರೆ ಮಾಡಿ, ಅಲ್ಲಿ ನೀಲಿಯನ್ನು 7 ಸೆಂಟಿಮೀಟರಿಗೆ ಏರಿಸಿ, ತಡೆಯನ್ನು ಸರ್ರನೆ ಎತ್ತಿದೆ. ಒಂದು ದೊಡ್ಡ ಮಸೂರ, ಹಿಂದೆ ಎರಡು ಮರಿಗಳು ಕಾಗದದ ಅಂಚಿನ ಮೇಲೆ ತೊಟ್ಟಿಯ ಆ ತುದಿಗೆ ಓಡಿದವು. ತಡೆ ಎತ್ತುವಾಗ ಕೈ ನಡುಗಿದರೆ ಮೇಲ್ಮೈ ತೆರೆಗಳೆದ್ದು ಚಿತ್ರ ಕೆಡುತ್ತದೆ. ಆರರಲ್ಲಿ ಎರಡು ಓಟ ಮಾತ್ರ ಚೆನ್ನಾಗಿ ಬಂತು.

ತೊಟ್ಟಿ ಈಗಲೂ ಮೇಜಿನ ಮೇಲಿದೆ. ಬಂಡಿಯ ಚಕ್ರಗಳ ಅಚ್ಚಿಗೆ ಉಪ್ಪು ತಾಗಿ ತುಕ್ಕು ಹಿಡಿದಿದೆ, ಪ್ಲಾಸ್ಟಿಕ್ ಅಚ್ಚು ಹಾಕಬೇಕು. ಕಾಗದ ನೆನೆದು ಉಬ್ಬಿದೆ, ಬದಲಿಗೆ ಕಪ್ಪು ಟೇಪು ಸಾಕು. ಎರಡು ಪದರದ ಬದಲು ತಳದಿಂದ ಮೇಲಿನವರೆಗೆ ಉಪ್ಪು ಹಂತ ಹಂತವಾಗಿ ಕಡಿಮೆಯಾಗುವಂತೆ ತುಂಬಿದರೆ ಅಲೆ ಹಿಂದಕ್ಕಷ್ಟೇ ಅಲ್ಲ, ಮೇಲಕ್ಕೂ ಹೋಗುತ್ತದೆ, ಮಸೂರಗಳು ತಟ್ಟೆ ಪೇರಿಸಿದಂತೆ ಒಂದರ ಮೇಲೊಂದು ಕೂರಬೇಕು. ಅದಕ್ಕೆ ಎರಡು ಬಕೆಟ್ಟುಗಳನ್ನು ತಳದಲ್ಲಿ ಕೊಳವೆಯಿಂದ ಜೋಡಿಸಿ ಮುಂದಿನ ಭಾನುವಾರಕ್ಕೆ ಇಟ್ಟಿದ್ದೇನೆ. ಒಂದರ ಜೋಡಣೆಯಲ್ಲಿ ಈಗಲೇ ನೀರು ಜಿನುಗುತ್ತಿದೆ.